‘ಧ’ ಮತ್ತು ‘ದ’ ಬೇರೆಬೇರೆಯಾಗಿ ಕಾಣುವ ಮಾನಿಟರ್ ಯಾವುದು?

ಪ್ರಶ್ನೆ: ಹಾಸನದಲ್ಲಿ ಹದಿನಾಲ್ಕು ವರ್ಷದಿಂದ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ ಪತ್ರ, ಕರಾರು, ಅರ್ಜಿ ಎಲ್ಲವೂ ಪೇಜ್‌ಮೇಕರ್ ಮತ್ತು ನುಡಿ ಸಾಫ್ಟ್‌ವೇರಿನಲ್ಲೇ. ಹೋದ ತಿಂಗಳು ಐನೂರು ಲಗ್ನಪತ್ರಿಕೆಯಲ್ಲಿ ‘ವಧು’ ಹೋಗಿ ‘ವದು’ ಆಯಿತು. ಮೂರು ಸಲ ಸ್ಕ್ರೀನ್ ಮೇಲೇ ಪ್ರೂಫ್ ನೋಡಿದ್ದೆ, ಕಣ್ಣಿಗೆ ಬೀಳಲಿಲ್ಲ. ಕೈಯಿಂದ ದುಡ್ಡು ಹಾಕಿ ಮತ್ತೆ ಪ್ರಿಂಟ್ ಮಾಡಿಸಿಕೊಟ್ಟೆ. ನನಗೆ 47 ವರ್ಷ, ಚಾಳೀಸಿನ ಕನ್ನಡಕ ಬಂದಿದೆ. ಈಗಿರುವುದು 18.5 ಇಂಚಿನ ಹಳೇ ಮಾನಿಟರ್. ಅಂಗಡಿಯವರು 27 ಇಂಚಿನ, ಬಾಗಿದ ಪರದೆಯ, 165 ಹರ್ಟ್ಸ್ ಫುಲ್ ಎಚ್‌ಡಿ ತೋರಿಸಿ, ‘ಮೇಡಂ, ಅಕ್ಷರ ದಪ್ಪ ಕಾಣುತ್ತೆ, ಕಣ್ಣಿಗೆ ಆರಾಮ’ ಅನ್ನುತ್ತಿದ್ದಾರೆ. ಹದಿನೆಂಟು ಸಾವಿರದವರೆಗೆ ಹಾಕಬಲ್ಲೆ. ತಗೊಳ್ಳಲೇ ಸರ್?

ಉತ್ತರ: ತಗೊಳ್ಳಬೇಡಿ. ಅಕ್ಷರ ದಪ್ಪ ಕಾಣುತ್ತದೆ ಅಂತ ಅವರು ಹೇಳಿದ್ದು ಸುಳ್ಳಲ್ಲ. ಆದರೆ ನಿಮಗೆ ಬೇಕಾಗಿರುವುದು ದಪ್ಪ ಅಲ್ಲ, ‘ಧ’ದ ಹೊಟ್ಟೆಯ ಸೀಳು.

ಕನ್ನಡ ಅಕ್ಷರದ ಕಷ್ಟ ಇಂಗ್ಲಿಷಿಗಿಲ್ಲ. ದ-ಧ, ಬ-ಭ, ಡ-ಢ ಜೋಡಿಗಳಲ್ಲಿ ವ್ಯತ್ಯಾಸವೆಲ್ಲ ಕೆಳಗಿನ ಒಂದು ಸಣ್ಣ ಗೀರಿನಲ್ಲಿದೆ. ಅದರ ಮೇಲೆ ಒತ್ತಕ್ಷರ ಬೇರೆ. ‘ಸ್ವಾತಂತ್ರ್ಯ’ ಅನ್ನುವ ಪದದಲ್ಲಿ ‘ತ’ ಅಕ್ಷರದ ಕೆಳಗೆ ಎರಡೆರಡು ಒತ್ತು ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ. ಪರದೆ ಅಕ್ಷರ ಬರೆಯುವುದು ಚುಕ್ಕಿಗಳಲ್ಲಿ. ಚುಕ್ಕಿ ಸಾಕಾಗದಿದ್ದರೆ ಮೊದಲು ಮಾಯವಾಗುವುದೇ ಈ ಸೀಳು.

ಲೆಕ್ಕ ಹಾಕೋಣ. ನಿಮ್ಮ 18.5 ಇಂಚಿನದು ಬಹುಶಃ 1366×768 ಚುಕ್ಕಿಯದು, ಆ ಅಳತೆಯವು ಹೆಚ್ಚಾಗಿ ಹಾಗೇ ಬರುತ್ತಿದ್ದವು. ಪೇಜ್‌ಮೇಕರಿನಲ್ಲಿ ಎ4 ಪುಟವನ್ನು ‘ಫಿಟ್ ಇನ್ ವಿಂಡೋ’ ಮಾಡಿದರೆ, ಮೆನು-ಗಿನು ಕಳೆದು ಪುಟದ ಎತ್ತರಕ್ಕೆ ಸುಮಾರು 640 ಚುಕ್ಕಿ ಉಳಿಯುತ್ತದೆ. 12 ಪಾಯಿಂಟಿನ ಅಕ್ಷರದ ಪಾಲಿಗೆ ಬರುವುದು ಒಂಬತ್ತು ಚುಕ್ಕಿ ಎತ್ತರ. ಒಂಬತ್ತರಲ್ಲಿ ತಲೆಕಟ್ಟು, ಹೊಟ್ಟೆ, ಕೊಂಬು, ಒತ್ತು ಎಲ್ಲ ಮುಗಿಯಬೇಕು. ಸೀಳಿಗೆ ಜಾಗ ಎಲ್ಲಿ? ನೀವು ಮೂರಲ್ಲ, ಮೂವತ್ತು ಸಲ ನೋಡಿದ್ದರೂ ಅದು ಕಾಣುತ್ತಿರಲಿಲ್ಲ. ನಿಮ್ಮ ಕಣ್ಣನ್ನು ಬೈದುಕೊಳ್ಳಬೇಡಿ.

ಫುಲ್ ಎಚ್‌ಡಿ ಅಂದರೆ 1920×1080. ಅದರಲ್ಲಿ ಅದೇ ಅಕ್ಷರಕ್ಕೆ ಹದಿಮೂರು ಚುಕ್ಕಿ ಸಿಗುತ್ತದೆ. ಆದರೆ 22 ಇಂಚಿನ ಫುಲ್ ಎಚ್‌ಡಿಯಲ್ಲೂ ಹದಿಮೂರೇ, 27 ಇಂಚಿನದರಲ್ಲೂ ಹದಿಮೂರೇ. ಅಷ್ಟೇ ಹಿಟ್ಟನ್ನು ದೊಡ್ಡ ಕಾವಲಿ ಮೇಲೆ ಎಳೆದ ದೋಸೆಯ ಹಾಗೆ, ಅಗಲ ಬಂತು, ಪದಾರ್ಥ ಹೆಚ್ಚಾಗಲಿಲ್ಲ. ಒಂದು ಇಂಚಿಗೆ ಎಷ್ಟು ಚುಕ್ಕಿ ಅಂತ ನೋಡಿದರೆ ನಿಮ್ಮ ಹಳೇದರಲ್ಲಿ 85, ಅವರು ತೋರಿಸಿದ 27ರಲ್ಲಿ 82. ಹೊಸದಕ್ಕೆ ದುಡ್ಡು ಕೊಟ್ಟು ಹಳೇದಕ್ಕಿಂತ ಒರಟಾದ ಪರದೆ ಮನೆಗೆ ತಂದ ಹಾಗಾಯಿತು.

27 ಇಂಚೇ ಇರಲಿ, ಆದರೆ ಕ್ಯುಎಚ್‌ಡಿ ಇರಲಿ. 2560×1440. ಡಬ್ಬದ ಮೇಲೆ ಕೆಲವರು 2ಕೆ ಅಂತಲೂ ಹಾಕುತ್ತಾರೆ. ಆ ಹೆಸರನ್ನು ನಂಬದೆ ಎರಡು ಅಂಕಿಗಳನ್ನೇ ಓದಿ. ಇಲ್ಲಿ ಇಂಚಿಗೆ 109 ಚುಕ್ಕಿ, ನಿಮ್ಮ ಅಕ್ಷರಕ್ಕೆ ಹದಿನೆಂಟರ ಹತ್ತಿರ, ಈಗಿರುವುದರ ಎರಡರಷ್ಟು. ಇನ್ನೊಂದು ಲಾಭವೂ ಇದೆ. 27 ಇಂಚಿನ ಪರದೆ 33.6 ಸೆಂಟಿಮೀಟರ್ ಎತ್ತರ, ಎ4 ಹಾಳೆ 29.7. ಅಂದರೆ ಇಡೀ ಎ4, ಕಾಗದದಲ್ಲಿ ಇರುವಷ್ಟೇ ದೊಡ್ಡದಾಗಿ, ಮೆನು ಸಮೇತ ಪರದೆ ಮೇಲೆ ಕೂರುತ್ತದೆ. ಅಗಲದಲ್ಲಿ ಎರಡು ಎ4 ಇಟ್ಟರೂ ಆಚೆ ಈಚೆ ಜಾಗ ಮಿಗುತ್ತದೆ. ಗಿರಾಕಿ ಪಕ್ಕದಲ್ಲಿ ಕೂತು ‘ಇನ್ನೂ ಸ್ವಲ್ಪ ದೊಡ್ಡದು ಮಾಡಿ ಮೇಡಂ, ಅಜ್ಜನ ಹೆಸರು ಕಾಣಬೇಕು’ ಅಂದಾಗ, ಕಾರ್ಡ್ ನಿಜಕ್ಕೂ ಎಷ್ಟು ದೊಡ್ಡದು ಬರುತ್ತದೆ ಅಂತ ಅಲ್ಲೇ ತೋರಿಸಬಹುದು.

ಹಾಗಾದರೆ 4ಕೆ (3840×2160) ಇನ್ನೂ ಒಳ್ಳೆಯದಲ್ಲವೇ ಅಂತ ಕೇಳುತ್ತೀರಿ. ಪೇಜ್‌ಮೇಕರ್ ಇಲ್ಲದಿದ್ದರೆ ಹೌದು ಅನ್ನುತ್ತಿದ್ದೆ. ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ, ಮೇಜಿನ ಮೇಲೆ ಡಬ್ಬದಂಥ ಸಿಆರ್‌ಟಿ ಇದ್ದ ಕಾಲದಲ್ಲಿ. 27 ಇಂಚಿನ 4ಕೆಯಲ್ಲಿ ಇಂಚಿಗೆ 163 ಚುಕ್ಕಿ. ವಿಂಡೋಸ್ ಸೆಟ್ಟಿಂಗಿನಲ್ಲಿ 150 ಪರ್ಸೆಂಟಿಗೆ ಹಿಗ್ಗಿಸದೆ ಮೆನು ಓದಲಾಗುವುದಿಲ್ಲ, ಸಾಸಿವೆ ಕಾಳಿನ ಹಾಗೆ ಕಾಣುತ್ತದೆ. ಹಿಗ್ಗಿಸು ಅಂದರೆ ಆ ಹಳೇ ಸಾಫ್ಟ್‌ವೇರಿಗೆ ಗೊತ್ತೇ ಆಗುವುದಿಲ್ಲ. ಆಗ ವಿಂಡೋಸ್ ಅದರ ಚಿತ್ರವನ್ನೇ ಹಿಡಿದು ಎಳೆದು ದೊಡ್ಡದು ಮಾಡುತ್ತದೆ, ಅಕ್ಷರವೆಲ್ಲ ಮಂಜು ಮಂಜು. 27ರ ಕ್ಯುಎಚ್‌ಡಿಯಲ್ಲಿ 100 ಪರ್ಸೆಂಟಲ್ಲೇ ಕೆಲಸ ಮಾಡಬಹುದು. ಮೆನು ಸ್ವಲ್ಪ ಸಣ್ಣದೆನಿಸೀತು, ವಾರದಲ್ಲಿ ಹೊಂದಿಕೊಳ್ಳುತ್ತದೆ.

ಬಾಗಿದ ಪರದೆ ಆಟ ಆಡುವ ಹುಡುಗರಿಗೆ ಇರಲಿ. ಅಂಚಿನ ಬಾರ್ಡರ್ ನೆಟ್ಟಗಿದೆಯೋ ಇಲ್ಲವೋ ನೋಡುವ ಕೆಲಸ ನಿಮ್ಮದು, ನೇರ ಗೆರೆಯೇ ಡೊಂಕಾಗಿ ಕಂಡರೆ ಹೇಗೆ? 165 ಹರ್ಟ್ಸೂ (ಸೆಕೆಂಡಿಗೆ ಪರದೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವ ಲೆಕ್ಕ) ಅಷ್ಟೇ, ಟೈಪಿಂಗಿಗೆ 60 ಸಾಕು, 75 ಅಥವಾ 100 ಇದ್ದರೆ ಪುಟ ಸರಿಸುವಾಗ ಕಣ್ಣಿಗೆ ಹಿತ. ಪ್ಯಾನೆಲ್ ಐಪಿಎಸ್ ಅಂತಲೇ ಕೇಳಿ, ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಬಗೆಯ ಪರದೆ ಅದು. ವಿಎ ಪ್ಯಾನೆಲ್ಲಿನಲ್ಲಿ ಕಪ್ಪು ಬಣ್ಣ ಗಾಢ, ಸಿನಿಮಾಕ್ಕೆ ಚೆಂದ, ಆದರೆ ಪಕ್ಕದಲ್ಲಿ ಕೂತ ಗಿರಾಕಿಗೆ ಬಣ್ಣ ಬೇರೆಯಾಗಿ ಕಾಣುತ್ತದೆ. ಅರಿಶಿನದ ವಿಷಯಕ್ಕೆ ಜಗಳ ಶುರುವಾಗುವುದು ಅಲ್ಲಿಂದಲೇ. ಎಸ್‌ಆರ್‌ಜಿಬಿ 99 ಪರ್ಸೆಂಟ್ ಅಂತ ಬರೆದಿರುವುದು ನೋಡಿಕೊಳ್ಳಿ, ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವ ಅಳತೆ ಅದು. ಹೀಗಿದ್ದರೂ ಪರದೆಯ ಕುಂಕುಮ ಕಾಗದದ ಮೇಲೆ ಅದೇ ಕುಂಕುಮವಾಗಿ ಬರುವುದಿಲ್ಲ. ಪರದೆ ಬೆಳಕಿನಲ್ಲಿ ಬಣ್ಣ ಮಾಡುತ್ತದೆ, ಪ್ರೆಸ್ಸು ಇಂಕಿನಲ್ಲಿ ಮಾಡುತ್ತದೆ. ಹಾಗಾಗಿ ಹಳೇ ಪ್ರಿಂಟ್‌ಗಳ ಸ್ಯಾಂಪಲ್ ಫೈಲ್ ಬಿಡಬೇಡಿ.

ಕೊಳ್ಳುವ ಮೊದಲು ಮಾಡಬೇಕಾದದ್ದು ಒಂದಿದೆ. ಅಂಗಡಿಗಳಲ್ಲಿ ಮಾನಿಟರ್ ಮೇಲೆ ಹಕ್ಕಿ, ಜಲಪಾತ, ಬಣ್ಣದ ಎಣ್ಣೆ ತೊಟ್ಟಿಕ್ಕುವ ವಿಡಿಯೊ ಓಡಿಸುತ್ತಿರುತ್ತಾರೆ. ಅದರಲ್ಲಿ ಯಾವ ಮಾನಿಟರೂ ಕೆಟ್ಟದಾಗಿ ಕಾಣುವುದಿಲ್ಲ. ನೀವು ಪೆನ್‌ಡ್ರೈವಿನಲ್ಲಿ ಆ ‘ವದು’ ಕಾರ್ಡಿನ ಪಿಡಿಎಫ್ಫನ್ನೇ ಒಯ್ಯಿರಿ. ಪಕ್ಕದಲ್ಲಿ ಸರಿಯಾದ ‘ವಧು’ ಇರುವ ಇನ್ನೊಂದು ಫೈಲ್. ಜೊತೆಗೆ ರಾಷ್ಟ್ರ, ಲಕ್ಷ್ಮೀ, ಜ್ಯೋತ್ಸ್ನಾ ಅಂತ 9, 10, 12 ಪಾಯಿಂಟಿನಲ್ಲಿ ಹೊಡೆದ ಒಂದು ಪುಟ. ಇಡೀ ಪುಟ ಕಾಣುವ ಹಾಗೆ ಇಟ್ಟು, ತೋಳು ಚಾಚಿದಷ್ಟು ದೂರ ಕೂತು ನೋಡಿ. ದ, ಧ ಬೇರೆಬೇರೆ ಕಂಡರೆ ಅದೇ ನಿಮ್ಮ ಮಾನಿಟರ್. ಆಮೇಲೆ ಪರದೆ ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಮಾಡಿಸಿ ಸತ್ತ ಚುಕ್ಕಿ, ಅಂದರೆ ಬಣ್ಣ ಬದಲಿಸದೆ ನಿಂತ ಚುಕ್ಕಿ, ಇದೆಯೇ ನೋಡಿ. ಒಂದೆರಡು ಸತ್ತ ಚುಕ್ಕಿಗೆ ಎಷ್ಟೋ ಕಂಪನಿಗಳು ಬದಲಾಯಿಸಿ ಕೊಡುವುದಿಲ್ಲ, ಹಾಗಾಗಿ ಬಿಲ್ ಆಗುವ ಮೊದಲೇ ನೋಡಿ.

ನಿಮ್ಮ ಸಿಪಿಯು ಯಾವುದು ಅಂತ ಬರೆದಿಲ್ಲ. ಅದನ್ನೂ ನೋಡಿಕೊಳ್ಳಿ. ಇಂಟೆಲ್‌ನ ಮೂರನೇ ತಲೆಮಾರಿನ ಐ3, ಐ5 ಅಥವಾ ಅದಕ್ಕೂ ಹಳೇದಾದರೆ, ಅದರ ಎಚ್‌ಡಿಎಂಐ ಸಾಮಾನ್ಯವಾಗಿ 1920×1200 ದಾಟುವುದಿಲ್ಲ. ಹಿಂದೆ ಡಿಸ್‌ಪ್ಲೇಪೋರ್ಟ್ (ಮಾನಿಟರ್ ಕೇಬಲ್ ಸಿಕ್ಕಿಸುವ ಇನ್ನೊಂದು ಬಗೆಯ ಕಿಂಡಿ) ಇದ್ದರೆ ದಾರಿ ಇದೆ, ಇಲ್ಲದಿದ್ದರೆ ಸಣ್ಣದೊಂದು ಗ್ರಾಫಿಕ್ಸ್ ಕಾರ್ಡ್ ಬೇಕು. ನೀಲಿ ತಲೆಯ ವಿಜಿಎ ಕೇಬಲ್ ಅಂತೂ ಬೇಡವೇ ಬೇಡ, ಅದರಲ್ಲಿ ಬಂದ ಚಿತ್ರಕ್ಕೆ ಅಂಚಿನ ಚೂಪು ಉಳಿಯುವುದಿಲ್ಲ. ಕಾರ್ಡಿಗೆ ದುಡ್ಡಿಲ್ಲ, ಸಿಪಿಯು ಇನ್ನೆರಡು ವರ್ಷ ಓಡಲಿ ಅನ್ನುವುದಾದರೆ 22 ಇಂಚಿನ ಫುಲ್ ಎಚ್‌ಡಿ ಐಪಿಎಸ್ ತಗೊಂಡು ಉಳಿದ ದುಡ್ಡು ಎತ್ತಿಡಿ. ಪ್ರೂಫ್ ನೋಡುವಾಗ ಜೂಮ್ ಮಾಡಿ ಅರ್ಧರ್ಧ ಪುಟ ಓದಿಕೊಳ್ಳಬಹುದು.

ಕಣ್ಣಿನ ಮಾತು. ಚಾಳೀಸಿನ ಕನ್ನಡಕ ಇರುವುದು ಕೈಯಲ್ಲಿ ಹಿಡಿದ ಪುಸ್ತಕದ ದೂರಕ್ಕೆ. ಮಾನಿಟರ್ ಇರುವುದು ಅದಕ್ಕಿಂತ ಒಂದು ಗೇಣು ಹಿಂದೆ. ಕನ್ನಡಕದವರ ಹತ್ತಿರ ಹೋಗುವಾಗ ನಿಮ್ಮ ಕುರ್ಚಿಯಿಂದ ಪರದೆಗೆ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆದುಕೊಂಡು ಹೋಗಿ, ಆ ದೂರಕ್ಕೆ ಬೇರೆ ನಂಬರ್ ಕೇಳಿ. ಬೈಫೋಕಲ್ ಆದರೆ ಕೆಳಭಾಗದಿಂದ ನೋಡಲು ಕತ್ತು ಎತ್ತುತ್ತೀರಿ, ಸಂಜೆಗೆ ಕುತ್ತಿಗೆ ನೋವು. ಅಂಥವರು ಮಾನಿಟರನ್ನು ಇನ್ನೂ ಕೆಳಗಿಳಿಸಬೇಕು. ಆದ್ದರಿಂದ ಎತ್ತರ ಹೊಂದಿಸುವ ಸ್ಟ್ಯಾಂಡಿಗೆ ಎರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬಜೆಟ್ಟಿನಲ್ಲಿ ಅಂಥದು ಸಿಗದಿದ್ದರೆ, ಹಿಂದೆ ವೆಸಾ ತೂತುಗಳಿರುವ (ತಿರುಪು ಹಾಕುವ ತೂತುಗಳು) ಮಾಡೆಲ್ ತಗೊಳ್ಳಿ, ಆಮೇಲೆ ಮಾನಿಟರ್ ಹಿಡಿಯುವ ತೋಳು ಹಾಕಿಸಬಹುದು. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ದುಡ್ಡು ಹಾಕಬೇಡಿ, ಅಮೆರಿಕದ ನೇತ್ರತಜ್ಞರ ಅಕಾಡೆಮಿಯೇ ಅದು ಬೇಕಿಲ್ಲ ಅಂತ ಹೇಳಿದೆ. ಬ್ರೈಟ್‌ನೆಸ್ ಇಳಿಸಿ. ಪರದೆ ಪಕ್ಕ ಒಂದು ಬಿಳಿ ಹಾಳೆ ಹಿಡಿದು, ಎರಡೂ ಒಂದೇ ಬಿಳುಪು ಕಾಣುವವರೆಗೆ ತಗ್ಗಿಸಿದರೆ ಅದೇ ಸರಿಯಾದ ಅಳತೆ.

ದೀಪಾವಳಿ ಆಫರಿಗೆ ಕಾಯಲೇ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆ ಆಫರ್ ಬರುವ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆಗೆದಿರುತ್ತದೆ, ಬ್ಯಾನರ್-ಪಾಂಪ್ಲೆಟ್ ಕೆಲಸದಲ್ಲಿ ನಿಮಗೆ ತಲೆ ಎತ್ತಲು ಪುರಸೊತ್ತಿರುವುದಿಲ್ಲ. ಅದಕ್ಕೆ ಮೊದಲೇ ತಂದು ಹೊಂದಿಸಿಕೊಳ್ಳಿ. ಜಿಎಸ್‌ಟಿ ನೋಂದಣಿ ಇದ್ದರೆ ಅಂಗಡಿಯ ಹೆಸರಲ್ಲೇ ಬಿಲ್ ಹಾಕಿಸಿ, ಮಾನಿಟರಿಗೆ 18 ಪರ್ಸೆಂಟ್ ತೆರಿಗೆ. ಇನ್ನೊಂದು ಮಾತು, ಹೊಸ ಮಾನಿಟರ್ ಬಂದ ಮೇಲೂ ಲಗ್ನಪತ್ರಿಕೆಯ ಪ್ರೂಫನ್ನು ಕಾಗದದ ಮೇಲೆ ತೆಗೆದು ಗಿರಾಕಿಯ ಸಹಿ ಹಾಕಿಸಿಕೊಳ್ಳಿ. ಮುಂದಿನ ‘ವದು’ವಿನ ಖರ್ಚು ನಿಮ್ಮೊಬ್ಬರ ತಲೆ ಮೇಲೆ ಬೀಳುವುದು ಬೇಡ.

ಪ್ರಶ್ನೆ: ಮೂಡಿಗೆರೆ ಕಡೆ ಕಾಫಿ ತೋಟ. ತೋಟದ ಲೆಕ್ಕಕ್ಕೆ ಇಟ್ಟ ಮಾನಿಟರ್ ಎರಡು ವರ್ಷದಲ್ಲಿ ಎರಡು ಹೋದವು. ಒಂದು ಸಿಡಿಲಿಗೆ. ಇನ್ನೊಂದರ ಪರದೆಯೊಳಗೆ ಸಣ್ಣ ಹುಳ ಹೋಗಿ, ನಾನು ಒರೆಸಲು ಒತ್ತಿದಾಗ ಅಲ್ಲೇ ಸತ್ತು, ಕಪ್ಪು ಚುಕ್ಕೆ ಉಳಿದುಬಿಟ್ಟಿತು. ಮಲೆನಾಡಿಗೆ ಯಾವ ಕಂಪನಿಯದು ಒಳ್ಳೆಯದು?

ಉತ್ತರ: ಸಿಡಿಲು ಕಂಪನಿ ನೋಡಿ ಬಡಿಯುವುದಿಲ್ಲ. ನೋಡಬೇಕಾದದ್ದು ಬೇರೆ. ಲ್ಯಾಪ್‌ಟಾಪಿನ ಹಾಗೆ ಹೊರಗೆ ಅಡಾಪ್ಟರ್ ಇರುವ ಮಾನಿಟರ್ ತಗೊಳ್ಳಿ. ಕರೆಂಟು ಏರಿಳಿದಾಗ ಎಷ್ಟೋ ಸಲ ಅಡಾಪ್ಟರ್ ಮಾತ್ರ ಸುಟ್ಟು ಪರದೆ ಉಳಿಯುತ್ತದೆ. ಪವರ್ ಸಪ್ಲೈ ಒಳಗೇ ಇದ್ದರೆ ಇಡೀ ಮಾನಿಟರನ್ನು ಪ್ಯಾಕ್ ಮಾಡಿಕೊಂಡು ಚಿಕ್ಕಮಗಳೂರಿನ ಬಸ್ಸು ಹತ್ತಬೇಕು. ಸ್ಪೈಕ್ ಗಾರ್ಡ್ ಹಾಕಿದ್ದೇನೆ ಅಂತ ಧೈರ್ಯವಾಗಿರಬೇಡಿ. ತೋಟದ ಮನೆಗಳಲ್ಲಿ ಅರ್ಥಿಂಗ್ ಗುಂಡಿ ಒಣಗಿ ವರ್ಷಗಳಾಗಿರುತ್ತವೆ, ಅರ್ಥಿಂಗ್ ಇಲ್ಲದ ಸ್ಪೈಕ್ ಗಾರ್ಡ್ ಹೆಚ್ಚುಕಡಿಮೆ ಎಕ್ಸ್‌ಟೆನ್ಷನ್ ಬೋರ್ಡೇ. ಮುಂಗಾರಿಗೆ ಮೊದಲಿನ ಏಪ್ರಿಲ್-ಮೇ ಗುಡುಗು ಮಳೆಯಲ್ಲಿ ಪ್ಲಗ್ಗನ್ನೇ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ಇಂಟರ್ನೆಟ್ ತಾಮ್ರದ ತಂತಿಯಲ್ಲಿ ಬರುತ್ತಿದ್ದರೆ ಅದನ್ನೂ ಕೀಳಿ, ಸಿಡಿಲು ಆ ದಾರಿಯಲ್ಲಿ ಬಂದು ಎಚ್‌ಡಿಎಂಐ ಪೋರ್ಟನ್ನು ಸುಟ್ಟ ಮಾನಿಟರ್‌ಗಳು ನನ್ನ ಮೇಜಿಗೆ ಬಂದಿವೆ. ಸಿಡಿಲಿಗೆ ವಾರಂಟಿ ಸಿಗುವುದಿಲ್ಲ.

ಇನ್ನು ಹುಳ. ಎಲ್‌ಸಿಡಿ ಅಂದರೆ ಹಲವು ತೆಳು ಹಾಳೆಗಳ ಪದರ, ಹಿಂದೆ ಬೆಳಕು. ಮಳೆಗಾಲದ ರಾತ್ರಿ ಕತ್ತಲ ಕೋಣೆಯಲ್ಲಿ ಬಿಳಿ ಎಕ್ಸೆಲ್ ಹಾಳೆ ತೆರೆದು ಕೂತರೆ, ಅದು ಹುಳಕ್ಕೆ ದೀಪಾರಾಧನೆಯೇ. ಗಾಳಿ ಆಡುವ ಸಂದಿಯಲ್ಲಿ ನುಸುಳಿ ಪದರದ ನಡುವೆ ಬರುತ್ತದೆ. ಆಗ ಬೆರಳು ಸೋಕಿಸಬೇಡಿ. ಮಾನಿಟರ್ ಆರಿಸಿ, ಕೋಣೆ ಕತ್ತಲು ಮಾಡಿ, ಅಂಚಿನ ಹತ್ತಿರ ಮೊಬೈಲ್ ಟಾರ್ಚ್ ಇಟ್ಟು ಬಿಡಿ. ಎಷ್ಟೋ ಸಲ ತಾನೇ ಹೊರಗೆ ಬರುತ್ತದೆ, ಒಳಗೇ ಸತ್ತರೂ ಕೆಲವೊಮ್ಮೆ ಕೆಳಕ್ಕೆ ಜಾರುತ್ತದೆ. ಒತ್ತಿದರೆ ಮಾತ್ರ ಅಲ್ಲೇ ಅಂಟಿಕೊಳ್ಳುತ್ತದೆ. ರಾತ್ರಿ ಡಾರ್ಕ್ ಮೋಡ್ ಹಾಕಿಕೊಳ್ಳಿ, ಕೋಣೆಯ ಇನ್ನೊಂದು ಮೂಲೆಯಲ್ಲಿ ಬಲ್ಬ್ ಉರಿಯುತ್ತಿರಲಿ. ತೇವಕ್ಕೆ ಒಂದೇ ಮದ್ದು: ಕೆಲಸ ಇರಲಿ ಬಿಡಲಿ, ಜುಲೈ-ಆಗಸ್ಟಿನಲ್ಲಿ ದಿನಾ ಅರ್ಧ ಗಂಟೆ ಆನ್ ಮಾಡಿ ಇಡಿ. ಪ್ಲಾಸ್ಟಿಕ್ ಕವರ್ ಹಾಕಿದರೆ ತೇವ ಒಳಗೇ ಕೂರುತ್ತದೆ, ಹಳೇ ಹತ್ತಿ ಪಂಚೆ ಸಾಕು.

ಲೆಕ್ಕಪತ್ರಕ್ಕಷ್ಟೇ ಆದರೆ 22 ಅಥವಾ 24 ಇಂಚಿನ ಫುಲ್ ಎಚ್‌ಡಿ ಧಾರಾಳ. 20-25 ವಾಟ್ ತಿನ್ನುತ್ತದೆ, ನಿಮ್ಮ ಯುಪಿಎಸ್‌ಗೆ ಹೊರೆಯಾಗುವುದಿಲ್ಲ.

ಪ್ರಶ್ನೆ: ಕಡೂರಿನಲ್ಲಿ ಬಿಸಿಎ ಓದುತ್ತಿದ್ದೇನೆ. ಮನೆಯಲ್ಲಿ 32 ಇಂಚಿನ ಎಚ್‌ಡಿ ರೆಡಿ ಟಿವಿ ಖಾಲಿ ಇದೆ. ಅದನ್ನೇ ಮಾನಿಟರ್ ಮಾಡಿಕೊಳ್ಳಬಹುದಾ ಸರ್?

ಉತ್ತರ: ಸಿನಿಮಾ ನೋಡಲು ಆಗುತ್ತದೆ, ಕೋಡ್ ಬರೆಯಲು ಬೇಡ ಕಣಪ್ಪ. ಎಚ್‌ಡಿ ರೆಡಿ ಅಂದರೆ ಸಾಮಾನ್ಯವಾಗಿ 1366×768. ಅದನ್ನು 32 ಇಂಚಿಗೆ ಹರಡಿದರೆ ಇಂಚಿಗೆ 49 ಚುಕ್ಕಿ. ಮೇಲಿನ ‘ವದು’ ಕಥೆ ಓದಿದೆಯಲ್ಲ, ಅದಕ್ಕಿಂತ ಒರಟು. ಅರ್ಧವಿರಾಮಕ್ಕೂ ಪೂರ್ಣವಿರಾಮಕ್ಕೂ ವ್ಯತ್ಯಾಸ ತಿಳಿಯದೆ ರಾತ್ರಿಯಿಡೀ ಎರರ್ ಹುಡುಕುತ್ತ ಕೂರುತ್ತೀಯ. ಸೆಕೆಂಡ್ ಹ್ಯಾಂಡಿನಲ್ಲಿ 22 ಇಂಚಿನ ಫುಲ್ ಎಚ್‌ಡಿ ಸಿಕ್ಕರೂ ಇದಕ್ಕಿಂತ ಎಷ್ಟೋ ವಾಸಿ. ಬಸ್ಸಲ್ಲಿ ತರುವಾಗ ನಿಲ್ಲಿಸಿಯೇ ಹಿಡಿದುಕೊ, ಪರದೆ ಕೆಳಗಾಗಿ ಮಲಗಿಸಬೇಡ.