ಬಸುರಿಗೆ ಎರಡು ರಾಜ್ಯ: ಪೆರ್ಲದ ಕಡೆಯಿಂದ ಒಂದು ಉತ್ತರ

ಕಾಸರಗೋಡಿನ ಕನ್ನಡದವರು ಹೆರಿಗೆಗೆ ಕೇರಳದ ಆಸ್ಪತ್ರೆಗೆ ಹೋಗುವುದಾ, ಕರ್ನಾಟಕದ್ದಕ್ಕಾ ಅಂತ ಕೇಳಿದ್ದೀರಿ. ನೀವು ಮೈಸೂರಿನವರು, ಗಂಡನ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಈಗ ಏಳು ತಿಂಗಳು, ಜುಲೈನಲ್ಲಿ ಹೆರಿಗೆ, ಅದೂ ಇಲ್ಲೇ. ಹಾಗಾದರೆ ಉತ್ತರ ಇಷ್ಟೇ: ಎರಡಕ್ಕೂ. ತಿಂಗಳ ತಪಾಸಣೆ ಇಲ್ಲಿ, ದೊಡ್ಡ ಸ್ಕ್ಯಾನ್ ಅಲ್ಲಿ. ಮಾತ್ರೆ ಇಲ್ಲಿಯದು, ಡಾಕ್ಟರ್ ಅಲ್ಲಿಯವರು. ಹೊರಗಿನವರಿಗೆ ಗೊಂದಲ ಅನಿಸಬಹುದು. ನಮ್ಮ ಅಜ್ಜಿಯಂದಿರ ಕಾಲಕ್ಕೆ ಇದೆಲ್ಲ ಒಂದೇ ಜಿಲ್ಲೆ. 1956ರಲ್ಲಿ ಗಡಿ ಬಂತು, ಆದರೆ ಮದುವೆ ಸಂಬಂಧ, ಪೇಟೆ, ಆಸ್ಪತ್ರೆ ಎಲ್ಲ ಮೊದಲಿನ ಹಾಗೇ ಉಳಿಯಿತು.

ಪೆರ್ಲದಿಂದ ಕಾಸರಗೋಡು ಪೇಟೆಗೂ ಪುತ್ತೂರಿಗೂ ಹೆಚ್ಚುಕಡಿಮೆ ಒಂದೇ ದೂರ. ಬದಿಯಡ್ಕ ದಾಟಿ ಹೋದರೆ ಕಾಸರಗೋಡು. ಸಾರಡ್ಕ ದಾಟಿ ಅಡ್ಯನಡ್ಕ, ವಿಟ್ಲ ಅಂತ ಹೋದರೆ ಪುತ್ತೂರು. ಮಂಜೇಶ್ವರ, ಉಪ್ಪಳದವರಿಗೆ ಇನ್ನೂ ಸುಲಭ, ಗಡಿಯ ತಲಪಾಡಿ ದಾಟಿದರೆ ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು, ಮತ್ತೆ ಸ್ವಲ್ಪ ಮುಂದೆ ಹೋದರೆ ಮಂಗಳೂರೇ ಬಂತು. ಕೇರಳದ ಒಳಗೇ ದೊಡ್ಡ ಆಸ್ಪತ್ರೆ ಬೇಕು ಅಂದರೆ ಕಣ್ಣೂರು ಜಿಲ್ಲೆಯ ಪರಿಯಾರಂಗೆ ಹೋಗಬೇಕು. ಮಂಜೇಶ್ವರದಿಂದ ಅದು ಸುಮಾರು ನೂರು ಕಿಲೋಮೀಟರ್. ನೋವು ಶುರುವಾದವಳನ್ನು ಕಾರಿನಲ್ಲಿ ಕೂರಿಸಿಕೊಂಡು ಅಷ್ಟು ದೂರ ಯಾರು ಹೋಗುತ್ತಾರೆ ಹೇಳಿ. ನಮ್ಮ ಜಿಲ್ಲೆಗೂ ಒಂದು ಮೆಡಿಕಲ್ ಕಾಲೇಜು ಅಂತ ಉಕ್ಕಿನಡ್ಕದಲ್ಲಿ 2013ರಲ್ಲೇ ಕಲ್ಲು ಹಾಕಿದ್ದರು, ನಿಮ್ಮ ಮನೆಗೆ ತೀರಾ ಹತ್ತಿರ. ಮೊದಲ ಸಲ ಅಲ್ಲಿ ರೋಗಿಗಳನ್ನು ಮಲಗಿಸಿದ್ದು 2020ರ ಏಪ್ರಿಲ್‌ನಲ್ಲಿ, ಕೊರೊನಾ ಬಂದ ಮೇಲೆ.

ಆದರೆ ಕೇರಳದ ಕಡೆಯದನ್ನು ಬಿಡಬೇಡಿ. ಹೊಸದಾಗಿ ಬಂದವರು ಮಾಡುವ ತಪ್ಪು ಇದೇ, "ನಾವು ಹೇಗೂ ಮಂಗಳೂರಲ್ಲಿ ತೋರಿಸುತ್ತಿದ್ದೇವೆ, ಇಲ್ಲಿ ಯಾಕೆ ಹೆಸರು ಬರೆಸಬೇಕು" ಅಂತ. ಬರೆಸಿ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಹುಡುಕಿ, ಬೇಡ, ಹುಡುಕುವುದೇ ಬೇಡ, ನೀವು ಬಂದ ಸುದ್ದಿ ತಿಳಿದರೆ ಅವರೇ ಮನೆಗೆ ಬರುತ್ತಾರೆ. ಸಬ್ ಸೆಂಟರಿನ ಸಿಸ್ಟರ್ ಬಿಪಿ ನೋಡುತ್ತಾರೆ, ತೂಕ ನೋಡುತ್ತಾರೆ, ರಕ್ತ ಎಷ್ಟಿದೆ ನೋಡುತ್ತಾರೆ, ಮೈಸೂರಿನಲ್ಲಿ ಧನುರ್ವಾಯು ಬಾರದ ಹಾಗೆ ಕೊಡುವ ಟಿಡಿ ಇಂಜೆಕ್ಷನ್ ಎರಡೂ ಆಗಿದೆಯಾ ಅಂತ ಕೇಳುತ್ತಾರೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಬಿಟ್ಟಿ. ಮೊದಲ ಹೆರಿಗೆಗೆ ಕೇಂದ್ರದ ಮಾತೃವಂದನಾ ಯೋಜನೆಯ 5,000 ರೂಪಾಯಿ ಉಂಟಲ್ಲ, ಅದರ ಕಂತು ಎಲ್ಲಿವರೆಗೆ ಬಂದಿದೆ ಅಂತ ಅಂಗನವಾಡಿಯಲ್ಲಿ ಕೇಳಿ. ಮೈಸೂರಿನಲ್ಲಿ ಅರ್ಜಿ ಹಾಕಿದ್ದರೆ ಆ ತಾಯಿ ಕಾರ್ಡ್ ಜೊತೆಗೇ ತನ್ನಿ, ಅದರಲ್ಲಿರುವ ನೋಂದಣಿ ನಂಬರ್ ಇಲ್ಲಿಯೂ ಕೇಳುತ್ತಾರೆ. ಇನ್ನೊಂದು ವಿಷಯ ಇದೆ. ಹೆರಿಗೆಯ ನಂತರ ಮಗುವಿನ ಲಸಿಕೆಗೆ ನೀವು ಹೋಗುವುದು ಇದೇ ಸಿಸ್ಟರ್ ಹತ್ತಿರ. ಬಾಣಂತಿಯಾಗಿ ಮಲಗಿದ್ದಾಗ ಬಾಗಿಲಿಗೆ ಬಂದು ಮಗು ಹಾಲು ಕುಡಿಯುತ್ತದಾ, ಹೊಕ್ಕುಳು ಒಣಗಿತಾ ಅಂತ ಕೇಳುವವರೂ ಇವರೇ. ಮಂಗಳೂರಿನ ದೊಡ್ಡ ಡಾಕ್ಟರ್ ಬರುವುದಿಲ್ಲ.

ಮಲಯಾಳ ಬರುವುದಿಲ್ಲ ಅಂತ ಹೆದರಿದ್ದೀರಿ. ಪೆರ್ಲ, ಬದಿಯಡ್ಕ, ಪೈವಳಿಕೆ ಕಡೆ ಆಶಾ, ಅಂಗನವಾಡಿ ಟೀಚರ್ ಎಲ್ಲ ಊರವರೇ, ಕನ್ನಡ ತುಳು ಎರಡೂ ಬರುತ್ತದೆ. ಸಿಸ್ಟರ್ ಮತ್ತು ಡಾಕ್ಟರ್ ಮಾತ್ರ ತೆಂಕಿನಿಂದ ವರ್ಗವಾಗಿ ಬಂದವರಿರಬಹುದು. ಮೊದಲ ದಿನ ಅವರ ಮಾತು ಓಡುವ ಬಸ್ಸಿನ ಹಾಗೆ ಕೇಳಿಸುತ್ತದೆ, ಎಲ್ಲಿ ಹತ್ತುವುದು ಗೊತ್ತಾಗುವುದಿಲ್ಲ. ಆಶಾ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಸಾಕು. ನಿಜವಾದ ತೊಂದರೆ ಮಾತಿನದ್ದಲ್ಲ, ಕಾಗದದ್ದು. ಇಲ್ಲಿಯ ಕಾರ್ಡ್ ಮಲಯಾಳದಲ್ಲಿ ಇರುತ್ತದೆ, ಅದನ್ನು ಮಂಗಳೂರಿನಲ್ಲಿ ಯಾರೂ ಓದುವುದಿಲ್ಲ. ನನಗೆ ಅಲ್ಲಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೀಗೇ ಆಯಿತು. ಕೌಂಟರಿನಲ್ಲಿದ್ದ ಹುಡುಗಿ ಕಾರ್ಡನ್ನು ಮಗುಚಿ ಮಗುಚಿ ನೋಡಿ, "ಇದು ನಡೆಯುವುದಿಲ್ಲ ಮೇಡಂ" ಅಂದಳು. ರಕ್ತ ಪರೀಕ್ಷೆ ಎಲ್ಲ ಮತ್ತೆ ಮೊದಲಿನಿಂದ, ದುಡ್ಡೂ ಮೊದಲಿನಿಂದ. ಅದಕ್ಕೆ ಪ್ರತಿ ಸಲ ಸಿಸ್ಟರ್ ಹತ್ತಿರ ಬಿಪಿ, ತೂಕ, ಹಿಮೋಗ್ಲೋಬಿನ್, ಕೊಟ್ಟ ಮದ್ದಿನ ಹೆಸರು ಇಷ್ಟನ್ನು ಇಂಗ್ಲಿಷಿನಲ್ಲಿ ಒಂದು ನೋಟ್ ಬುಕ್‌ನಲ್ಲಿ ತಾರೀಕಿನ ಜೊತೆ ಬರೆಸಿಕೊಳ್ಳಿ. ಬೇಜಾರು ಮಾಡುವುದಿಲ್ಲ, ಬರೆದು ಸಹಿ ಹಾಕಿ ಕೊಡುತ್ತಾರೆ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ಪುಸ್ತಕದ ಮೇಲ್ಗಡೆಯೇ ದೊಡ್ಡದಾಗಿ ಬರೆಯಿರಿ. ಅಂಥವರಿಗೆ ಏಳನೇ ತಿಂಗಳಿನಲ್ಲಿ ಕೊಡುವ ಆಂಟಿ-ಡಿ ಇಂಜೆಕ್ಷನ್ ಆಗಿದೆಯಾ ಇಲ್ಲವಾ ಅಂತ ಎರಡೂ ಕಡೆಯವರಿಗೂ ಗೊತ್ತಿರಬೇಕು.

ತಪಾಸಣೆ ದಿನ ಸ್ವಲ್ಪ ಬೇಗ ಹೋಗಿ. ಟೋಕನ್‌ಗೋಸ್ಕರ ಅಲ್ಲ, ಬೆಂಚಿಗೋಸ್ಕರ. ನಮ್ಮ ಆರೋಗ್ಯ ಕೇಂದ್ರದ ವರಾಂಡದಲ್ಲಿ ಒಂದು ಉದ್ದ ಬೆಂಚು ಇದೆ. ಒಂಬತ್ತು ಗಂಟೆಗೇ ಅದರ ತುಂಬ ಹೊಟ್ಟೆಗಳು. ಬ್ಯಾರಿ ಮಾತಾಡುವವರು, ತುಳುವಿನವರು, ಹವ್ಯಕರು, ಮರಾಟಿಯವರು, ಮಲಯಾಳದವರು. ಯಾರದ್ದೋ ಅತ್ತೆ, ಯಾರದ್ದೋ ಅಮ್ಮ. ಅರ್ಧ ಗಂಟೆಯಲ್ಲಿ ಎಲ್ಲರಿಗೂ ಎಲ್ಲರ ತಿಂಗಳು ಗೊತ್ತಿರುತ್ತದೆ. "ನಿಂಗೆ ರಾತ್ರಿ ನಿದ್ದೆ ಬರ್ತದಾ?" "ಎಲ್ಲಿ ಅಕ್ಕ, ಆಚೆ ಮಗ್ಗುಲು ಈಚೆ ಮಗ್ಗುಲು, ಮೂರು ಸಲ ಬಚ್ಚಲಿಗೆ." "ಕಾಲು ಊದಿಕೊಂಡಿದೆಯಲ್ಲ, ಮುಖವೂ ಊದಿದೆಯಾ? ತಲೆನೋವು ಉಂಟಾ? ಇದ್ದರೆ ಸಾಲಿನಲ್ಲಿ ಕೂರಬೇಡ, ನೇರ ಒಳಗೆ ಹೋಗಿ ಹೇಳು." ಹೀಗೆ ಹೇಳಿದ್ದು ನಾಲ್ಕನೆಯ ಬಸುರಿನ ಒಬ್ಬರು ಬ್ಯಾರಿ ಅಕ್ಕ, ಆ ಹುಡುಗಿಯ ಗುರುತು ಪರಿಚಯ ಏನೂ ಇಲ್ಲ. ಒಳಗೆ ನೋಡಿದಾಗ ಬಿಪಿ ಜಾಸ್ತಿ ಇತ್ತು. ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಕಬ್ಬಿಣದ ಮಾತ್ರೆಯ ಗೋಳು ಅಲ್ಲಿ ಮುಗಿಯುವುದೇ ಇಲ್ಲ. ಮಲಬದ್ಧತೆ, ವಾಕರಿಕೆ, ಕಪ್ಪಾಗಿ ಹೋಗುವುದು. ಎಷ್ಟೋ ಜನ ಮಾತ್ರೆ ಇಸಕೊಂಡು ಹೋಗಿ ಕಪಾಟಿನಲ್ಲಿ ಇಡುತ್ತಾರೆ, ಸಿಸ್ಟರ್‌ಗೂ ಗೊತ್ತು. ನಾನು ಕೇಳಿ ಉಪಯೋಗ ಆದದ್ದು ಹೇಳುತ್ತೇನೆ: ಕ್ಯಾಲ್ಸಿಯಂ ಜೊತೆ ನುಂಗಬಾರದು, ಚಾ ಕುಡಿದ ಕೂಡಲೇ ನುಂಗಬಾರದು, ರಾತ್ರಿ ಊಟ ಆಗಿ ಸ್ವಲ್ಪ ಹೊತ್ತಾದ ಮೇಲೆ ಲಿಂಬೆ ಶರಬತ್ತಿನ ಜೊತೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ಮಗುವಿನ ಒದೆತದ ಲೆಕ್ಕವೂ ಬೆಂಚಿನಲ್ಲೇ ನಡೆಯುತ್ತದೆ. ಊಟ ಆದ ಮೇಲೆ ಎಡ ಮಗ್ಗುಲಲ್ಲಿ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲ ಆದರೂ ಆಡಬೇಕು. "ಕೊನೆ ತಿಂಗಳಿಗೆ ಮಗು ಆಡುವುದು ಕಡಿಮೆ ಆಗ್ತದೆ, ಜಾಗ ಸಾಲುವುದಿಲ್ಲ ಅಲ್ವಾ" ಅಂತ ಯಾರಾದರೂ ಹಿರಿಯರು ಹೇಳಿಯೇ ಹೇಳುತ್ತಾರೆ. ಆ ಮಾತು ನಂಬಬೇಡಿ. ಒದೆಯುವ ರೀತಿ ಬೇರೆ ಆಗಬಹುದು, ಕಡಿಮೆ ಆಗಬಾರದು. ಕಡಿಮೆ ಅನಿಸಿದ ದಿನವೇ ಹೋಗಿ ತೋರಿಸಿ, ನಾಳೆಗೆ ಇಡಬೇಡಿ.

ನಿಮ್ಮ ಅತ್ತೆ ಐದು ತಿಂಗಳ ಸ್ಕ್ಯಾನ್ ಬಗ್ಗೆ ಯಾಕೆ ಅಷ್ಟು ಸಲ ಕೇಳಿದರು ಅಂತ ನಿಮಗೆ ಆಶ್ಚರ್ಯ ಆಗಿದೆ. ಪೆರ್ಲ ಇರುವ ಈ ಎಣ್ಮಕಜೆ ಪಂಚಾಯತಿನಲ್ಲಿ ಅದು ಎಲ್ಲರೂ ಕೇಳುವ ಪ್ರಶ್ನೆ. ಇಲ್ಲಿಯ ಸರ್ಕಾರಿ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಜಾಸ್ತಿ ಕಾಲ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಮದ್ದು ಸಿಂಪಡಿಸಿದರು, ಸುಮಾರು 2000ದಲ್ಲಿ ನಿಂತಿತು. ಪಡ್ರೆ, ಸ್ವರ್ಗ ಕಡೆ ತಲೆ ದೊಡ್ಡದಾದ, ಕೈಕಾಲು ಎತ್ತಲಾಗದ ಮಕ್ಕಳನ್ನು ನೋಡುತ್ತ ಬೆಳೆದ ತಲೆಮಾರು ನಿಮ್ಮ ಅತ್ತೆಯದು. ಸುಪ್ರೀಂ ಕೋರ್ಟ್ 2011ರಲ್ಲಿ ಮದ್ದನ್ನೇ ನಿಲ್ಲಿಸಿತು. ಆದರೆ ಬಸುರಿಯ ಮನಸ್ಸಿನಿಂದ ಆ ಹೆದರಿಕೆ ಇಷ್ಟು ಬೇಗ ಹೋಗುತ್ತದಾ? ಬೇರೆ ಊರಿನಲ್ಲಿ ಆ ಸ್ಕ್ಯಾನ್ ದಿನ ಮಗುವಿನ ಮುಖ ಕಂಡಿತಾ ಅಂತ ಕೇಳುತ್ತಾರೆ, ಇಲ್ಲಿ ತಲೆ ಸರಿ ಉಂಟಾ, ಬೆನ್ನು ಸರಿ ಉಂಟಾ ಅಂತ ಕೇಳುತ್ತಾರೆ. ನಿಮ್ಮ ರಿಪೋರ್ಟ್ ಸರಿ ಇದೆ ಅಂದಿರಲ್ಲ, ಅದನ್ನು ಅತ್ತೆಗೆ ಒಂದು ಸಲ ಸಮಾಧಾನದಲ್ಲಿ ಓದಿ ಹೇಳಿಬಿಡಿ. ಅವರು ಸುಮ್ನೆ ಕಿರಿಕಿರಿ ಮಾಡುತ್ತಿಲ್ಲ.

ಇನ್ನು ಹೆರಿಗೆ ಎಲ್ಲಿ ಅನ್ನುವುದು. ಸರ್ಕಾರಿ ಬೇಕು ಅಂದರೆ ಈಚೆ ಕಾಸರಗೋಡು ಜನರಲ್ ಆಸ್ಪತ್ರೆ, ಆಚೆ ಪುತ್ತೂರು ತಾಲೂಕು ಆಸ್ಪತ್ರೆ, ಮಂಗಳೂರಿನ ಲೇಡಿಗೋಷನ್. ಲೇಡಿಗೋಷನ್‌ಗೆ ನಮ್ಮ ಕಡೆಯಿಂದ ಹೋಗುವುದು ಹಳೆಯ ರೂಢಿ, ಎಷ್ಟೋ ಮನೆಗಳಲ್ಲಿ ಅಜ್ಜಿ, ಅಮ್ಮ, ಮಗಳು ಮೂವರ ಹೆರಿಗೆಯೂ ಅಲ್ಲೇ. ಖಾಸಗಿಗೆ ಹೋಗುವವರಿಗೆ ಮಂಗಳೂರಿನಲ್ಲಿ ಬರಗಾಲ ಇಲ್ಲ. ಒಂದೇ ಎಚ್ಚರಿಕೆ, ಆರೋಗ್ಯ ಕಾರ್ಡ್ ತೋರಿಸಿದರೆ ಬಿಲ್ ಕಡಿಮೆ ಆಗುತ್ತದೆ ಅಂತ ಲೆಕ್ಕ ಹಾಕಿಕೊಂಡು ಹೋಗಬೇಡಿ. ಕೇರಳದ ಕಾರ್ಡ್ ಅಲ್ಲಿ ನಡೆಯುತ್ತದಾ ಅಂತ ಮೊದಲೇ ಕೌಂಟರಿನಲ್ಲಿ ಕೇಳಿ, ಆಗುತ್ತದೆ ಅಂದರೆ ಯಾವುದಕ್ಕೆ ಆಗುತ್ತದೆ ಅಂತಲೂ ಕೇಳಿ. ಹಾಗೇ ಶಕ್ತಿ ಯೋಜನೆಯ ಬಿಟ್ಟಿ ಬಸ್ಸು ಗಡಿ ದಾಟುವ ಬಸ್ಸಿಗೆ ಇಲ್ಲ ಮಾರಾಯ್ರೆ, ಮೈಸೂರಿನಿಂದ ಬರುವ ನಿಮ್ಮ ತಂಗಿಗೂ ಹೇಳಿಡಿ.

ಎರಡೂ ಕಡೆ ಹೆಸರು ಇರಲಿ ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣ 2020. ಮಾರ್ಚ್ ಕೊನೆಗೆ ಕೊರೊನಾ ಅಂತ ಕರ್ನಾಟಕ ಗಡಿ ಮುಚ್ಚಿತು. ಸಣ್ಣ ರಸ್ತೆಗಳಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದರು. ಆಂಬುಲೆನ್ಸ್‌ಗೂ ದಾರಿ ಇಲ್ಲ. ಮಂಗಳೂರಿಗೆ ತಲುಪಲಾಗದೆ ರೋಗಿಗಳು ಸತ್ತರು. ಗಡಿಯಲ್ಲಿ ತಡೆದು ವಾಪಸು ಕಳಿಸಿದ ಒಬ್ಬ ಬಸುರಿಗೆ ಆಂಬುಲೆನ್ಸಿನಲ್ಲೇ ಹೆರಿಗೆ ಆಯಿತು. ಒಂಬತ್ತು ತಿಂಗಳು ಪೂರ್ತಿ ಮಂಗಳೂರಿನ ಡಾಕ್ಟರನ್ನೇ ನಂಬಿಕೊಂಡಿದ್ದವರು ಆಗ ಕಾಸರಗೋಡಿನಲ್ಲಿ ಹೊಸಬರ ಹಾಗೆ ಸಾಲಿನಲ್ಲಿ ನಿಂತರು, ಕೈಯಲ್ಲಿ ಇಲ್ಲಿಯ ಒಂದು ಚೀಟಿಯೂ ಇಲ್ಲ. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ತುರ್ತು ರೋಗಿಗಳನ್ನು ಬಿಡಬೇಕು ಅಂತ ಆದೇಶ ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, ಕೊನೆಗೆ ತಲಪಾಡಿಯಲ್ಲಿ ಪರೀಕ್ಷೆ ಮಾಡಿ ಬಿಡುವ ಏರ್ಪಾಡು ಆಯಿತು. ಈಗ ಗಡಿ ತೆರೆದೇ ಇದೆ. ಆದರೂ ಆ ವರ್ಷ ಬಸುರಿಯಾಗಿದ್ದವರು ಯಾರೂ ಒಂದೇ ಕಡೆಯ ಕಾರ್ಡ್ ಸಾಕು ಅಂತ ಹೇಳುವುದಿಲ್ಲ.

ನಿಮ್ಮದು ಜುಲೈ. ಇಲ್ಲಿಯ ಜುಲೈ ಮೈಸೂರಿನ ಜುಲೈ ಅಲ್ಲ. ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಗುಡ್ಡ ಜರಿಯುತ್ತದೆ, ಮರ ಅಡ್ಡ ಬೀಳುತ್ತದೆ, ಕರೆಂಟು ಹೋದರೆ ಫೋನಿನ ಟವರೂ ಹೋಗುತ್ತದೆ. ಅದಕ್ಕೆ ಒಂಬತ್ತನೇ ತಿಂಗಳು ಹಿಡಿದ ಮೇಲೆ ರಾಜ್ಯ ನೋಡಬೇಡಿ, ರಸ್ತೆ ನೋಡಿ. ಒಂದು ಜೀಪಿನವರಿಗೆ, ಒಂದು ಆಟೋದವರಿಗೆ ಮೊದಲೇ ಹೇಳಿಡಿ, ರಾತ್ರಿ ಎದ್ದು ಬರುವವರಾಗಿರಬೇಕು. 108 ಎರಡೂ ರಾಜ್ಯದಲ್ಲಿ ಇದೆ, ಆದರೆ ತೋಟದ ಒಳಗಿನ ಮನೆಗೆ ದಾರಿ ಹೇಳುವಷ್ಟರಲ್ಲಿ ಊರಿನ ಜೀಪು ಬಂದಾಗಿರುತ್ತದೆ. ನೀರು ಹೋದರೆ, ರಕ್ತ ಕಂಡರೆ, ಕಣ್ಣು ಮಂಜಾದರೆ ಮಂಗಳೂರೇ ಆಗಬೇಕು ಅಂತ ಕೂರಬೇಡಿ, ಹತ್ತಿರದ್ದಕ್ಕೆ ಹೋಗಿ. ಮುಂದಕ್ಕೆ ಕಳಿಸಬೇಕಾದರೆ ಅವರೇ ಕಳಿಸುತ್ತಾರೆ. ಮೊದಲನೆಯದು ಸಿಸೇರಿಯನ್ ಆಗಿದ್ದವರು, ಬಿಪಿ ಸಕ್ಕರೆ ಇರುವವರು ಎಷ್ಟೋ ಮಂದಿ ಡೇಟಿಗೆ ಒಂದು ವಾರ ಮೊದಲೇ ಮಂಗಳೂರಿನ ನೆಂಟರ ಮನೆಗೆ ಹೋಗಿ ಕೂರುತ್ತಾರೆ. ನಿಮಗೆ ಅಂಥದ್ದೇನೂ ಇಲ್ಲದಿದ್ದರೂ ಡಾಕ್ಟರ್ ಹತ್ತಿರ ಒಮ್ಮೆ ಕೇಳಿ.

ಸೀಮಂತ, ಬಯಕೆ ಊಟ ಎಲ್ಲ ನಡೆಯಲಿ, ಚೆಂದ. ಹೂ ಮುಡಿಸಿ ಅಷ್ಟು ಹೊತ್ತು ಮಣೆ ಮೇಲೆ ಕೂರಿಸಿದರೆ ಸೊಂಟ ನೋಯುತ್ತದೆ, ಕುರ್ಚಿ ಕೇಳಿ. ಕೊನೆ ತಿಂಗಳಿಗೆ ಸುಲಭ ಹೆರಿಗೆ ಆಗಲಿ ಅಂತ ಹರಳೆಣ್ಣೆ ಕುಡಿಸಲು ಬಂದರೆ ಮಾತ್ರ ಬೇಡ ಅನ್ನಿ, ನಗುತ್ತಾ ಅನ್ನಿ. ಕುಚ್ಚಲಕ್ಕಿ ಗಂಜಿ, ತಿಮರೆ (ಒಂದೆಲಗ) ಚಟ್ನಿ, ಹೆಸರುಕಾಳು ಎಷ್ಟು ಬೇಕಾದರೂ ತಿನ್ನಿ.

ಒಂದು ವಿಷಯ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಮಗು ಹುಟ್ಟಿದ ಜಾಗದಲ್ಲೇ ಜನನ ನೋಂದಣಿ, ಅದು 21 ದಿನದ ಒಳಗೆ ಆಗಬೇಕು. ಪುತ್ತೂರಿನಲ್ಲಿ ಹುಟ್ಟಿದರೆ ಕರ್ನಾಟಕದ ಸರ್ಟಿಫಿಕೇಟ್, ಕಾಸರಗೋಡಿನಲ್ಲಿ ಹುಟ್ಟಿದರೆ ಕೇರಳದ್ದು. ನಮ್ಮ ಮನೆಯಲ್ಲೇ ಅಣ್ಣನದ್ದು ಒಂದು ರಾಜ್ಯದ್ದು, ತಂಗಿಯದ್ದು ಇನ್ನೊಂದು, ಯಾರಿಗೂ ಏನೂ ತೊಂದರೆ ಆಗಿಲ್ಲ. ತೊಂದರೆ ಬರುವುದು ಹೆಸರಿನ ಸ್ಪೆಲ್ಲಿಂಗಿನಲ್ಲಿ ಮತ್ತು ಇನಿಷಿಯಲ್‌ನಲ್ಲಿ. ಆಸ್ಪತ್ರೆಯಲ್ಲಿ ಫಾರಂ ತುಂಬುವಾಗ ನಿಮ್ಮಿಬ್ಬರ ಆಧಾರ್ ನೋಡಿಕೊಂಡೇ ತುಂಬಲು ನಿಮ್ಮ ಯಜಮಾನರಿಗೆ ಹೇಳಿ, ಗಡಿಬಿಡಿಯಲ್ಲಿ ಮಾವನ ಕೈಗೆ ಕೊಡಬೇಡಿ. ಸರ್ಟಿಫಿಕೇಟಿನ ನಾಲ್ಕು ಪ್ರತಿ ತೆಗೆಸಿ. ಹುಟ್ಟಿದ ದಿನ ಹಾಕಿದ ಲಸಿಕೆಯ ಚೀಟಿ ಜೋಪಾನ, ಒಂದೂವರೆ ತಿಂಗಳಿಗೆ ಇಲ್ಲಿಯ ಸಿಸ್ಟರ್ ಕೇಳುವುದು ಮೊದಲು ಅದನ್ನೇ. ಆಶಾ ಅವರ ಪರಿಚಯ ಇನ್ನೂ ಆಗಿಲ್ಲದಿದ್ದರೆ ನಿಮ್ಮ ವಾರ್ಡ್ ಯಾವುದು ಅಂತ ತಿಳಿಸಿ, ನಾನು ಕೇಳಿ ಹೇಳುತ್ತೇನೆ.