ಫೋಟೋ ನಿಮ್ಮದೇ, ಅನುಮತಿಯೂ ನೀವೇ ಕೊಟ್ಟಿದ್ದು

ಓದುಗರ ಪತ್ರ: ‘ನನ್ನ ಫೋಟೋಗಳನ್ನು ಬಳಸಲು ಫೇಸ್‌ಬುಕ್‌ಗೆ ಅನುಮತಿ ಕೊಟ್ಟಿಲ್ಲ’ ಎಂಬ ಸಾಲನ್ನು ಗೆಳತಿಯ ಪುಟದಿಂದ ಕಾಪಿ ಮಾಡಿ ನನ್ನ ಪುಟದಲ್ಲೂ ಹಾಕಿದ್ದೇನೆ. ಇನ್ನು ಭಯವಿಲ್ಲ ಅಲ್ವಾ? ಅಷ್ಟಕ್ಕೂ ಅಲ್ಲಿ ಹಾಕಿದ ಫೋಟೋ ಯಾರದ್ದು?

ಸಂಪಾದಕರ ಉತ್ತರ: ಆ ಸಾಲು 2012ರಿಂದಲೂ ಊರು ಸುತ್ತುತ್ತಿದೆ. ಅದಕ್ಕೆ ಕವಡೆ ಕಿಮ್ಮತ್ತೂ ಇಲ್ಲ. (ನಾನೂ ಒಮ್ಮೆ ಹಾಕಿದ್ದೆ. ಹೇಳಿಕೊಳ್ಳಲು ನಾಚಿಕೆ.) ಖಾತೆ ತೆರೆಯುವಾಗ ಓದದೆ ‘ಒಪ್ಪಿದೆ’ ಎಂದು ಒತ್ತಿದಿರಲ್ಲ, ಒಪ್ಪಂದ ಅದೇ. ಬಾಡಿಗೆ ಕರಾರಿಗೆ ಸಹಿ ಹಾಕಿ, ಆಮೇಲೆ ಬಾಗಿಲಿಗೆ ಚೀಟಿ ಅಂಟಿಸಿದರೆ ಕರಾರು ಬದಲಾಗುತ್ತದೆಯೇ?

ಫೋಟೋ ನಿಮ್ಮದೇ. ಕಂಪನಿಯ ನಿಯಮಗಳೂ ಹಾಗೇ ಹೇಳುತ್ತವೆ. ತೊಡಕಿರುವುದು ಅದರ ಮುಂದಿನ ಮಾತಿನಲ್ಲಿ. ಅದನ್ನು ಜಗತ್ತಿನಲ್ಲಿ ಎಲ್ಲಾದರೂ ತೋರಿಸಲು, ನಕಲು ಮಾಡಲು, ಆ ಹಕ್ಕನ್ನು ಬೇರೆಯವರಿಗೆ ದಾಟಿಸಲು ನೀವು ಪುಕ್ಕಟೆ ಅನುಮತಿ ಕೊಟ್ಟಿರುತ್ತೀರಿ. ಅನುಮತಿಯೇ ಇಲ್ಲದಿದ್ದರೆ ಗೆಳೆಯರ ಫೋನಿನಲ್ಲಿ ಫೋಟೋ ಕಾಣಿಸುವುದಾದರೂ ಹೇಗೆ? ಆದರೆ ಕೆಲವೊಮ್ಮೆ ಕಂಪನಿಗಳು ಜಾಸ್ತಿಯೇ ಕೈಚಾಚುತ್ತವೆ. ಫೋಟೋ ಅಳಿಸಿದರೆ ಅನುಮತಿಯೂ ಮುಗಿಯುತ್ತದೆ ಎಂಬ ಮಾತನ್ನೇ 2009ರಲ್ಲಿ ಫೇಸ್‌ಬುಕ್ ನಿಯಮದಿಂದ ಕಿತ್ತುಹಾಕಿತ್ತು. ಜನ ರೇಗಿದ ಮೇಲೆ ಹಳೆಯ ನಿಯಮಕ್ಕೇ ಮರಳಿತು.

ಅಂದ ಹಾಗೆ, ‘ನನ್ನ ಫೋಟೋ’ ಎಂದಿರಿ. ತೆಗೆದವರು ಯಾರು? ಕೃತಿಸ್ವಾಮ್ಯ ಸಾಮಾನ್ಯವಾಗಿ ಕ್ಯಾಮೆರಾ ಹಿಡಿದವರದು, ಫೋಟೋದಲ್ಲಿ ನಕ್ಕವರದಲ್ಲ.

ನನಗೆ ಹೆದರಿಕೆ ಹುಟ್ಟಿಸುವುದು ಮಾಲೀಕತ್ವದ ಪ್ರಶ್ನೆಯಲ್ಲ, ಗೆಳೆಯರ ಬೆರಳು. ಕೇಂಬ್ರಿಜ್ ಅನಲಿಟಿಕಾ ಪ್ರಕರಣ ನೆನಪಿದೆಯೇ? ಚುನಾವಣಾ ಪ್ರಚಾರಕ್ಕೆ ಸಲಹೆ ಕೊಡುತ್ತಿದ್ದ ಆ ಕಂಪನಿಗೆ ಫೇಸ್‌ಬುಕ್‌ನ ಒಂದು ರಸಪ್ರಶ್ನೆ ಆ್ಯಪ್ ಮೂಲಕ ಜನರ ಮಾಹಿತಿ ಸಿಕ್ಕಿತ್ತು. ಆ ಆ್ಯಪ್ ಹಾಕಿಕೊಂಡವರು ಕೆಲವು ಲಕ್ಷ ಜನ. ಮಾಹಿತಿ ಸೋರಿದ್ದು 8.7 ಕೋಟಿ ಜನರದ್ದು ಇರಬಹುದು ಎಂದು 2018ರಲ್ಲಿ ಫೇಸ್‌ಬುಕ್ಕೇ ಹೇಳಿತು. ಉಳಿದವರು ಏನೂ ಒತ್ತಿರಲಿಲ್ಲ. ಅವರ ಗೆಳೆಯರ ಪಟ್ಟಿಯಲ್ಲಿದ್ದ ಯಾರೋ ಸುಮ್ನೆ ತಮಾಷೆಗೆಂದು ಒತ್ತಿದ್ದರು, ಅಷ್ಟೇ. ಫೋಟೋದ ಕಥೆಯೂ ಹೀಗೇ. ನೀವು ಅಳಿಸಿದ್ದು ಸರ್ವರ್‌ಗಳಿಂದ ಪೂರ್ತಿ ಹೋಗಲು 90 ದಿನದವರೆಗೂ ಹಿಡಿಯಬಹುದು. ಹೋಗಲಿ, ಕಾಯಬಹುದು. ಆದರೆ ಯಾರೋ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ದಾಟಿಸಿದ್ದರೆ ಅದನ್ನು ಯಾವ ಬಟನ್ ಒತ್ತಿ ಅಳಿಸುತ್ತೀರಿ?

ಆ ಸಾಲು ಅಲ್ಲೇ ಇರಲಿ ಬಿಡಿ, ಊಟ ಕೇಳುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ. ಹಳೆಯ ಪೋಸ್ಟ್‌ಗಳೆಲ್ಲ ಗೆಳೆಯರಿಗಷ್ಟೇ ಕಾಣುವಂತೆ ಒಂದೇ ಸಲ ಬದಲಿಸಬಹುದು. ನಿಮ್ಮ ಖಾತೆಗೆ ಅಂಟಿಕೊಂಡಿರುವ ಆ್ಯಪ್‌ಗಳ ಪಟ್ಟಿಯೂ ಅಲ್ಲೇ ಇದೆ. ಗುರುತು ಸಿಗದವನ್ನು ತೆಗೆದುಹಾಕಿ. ಆಮೇಲೆ ಆ ಗೆಳತಿಗೂ ಒಂದು ಫೋನ್ ಮಾಡಿ.