ಲಡಾಖ್ ಟ್ರಯಲ್‌ನಲ್ಲಿ ಡ್ರೋನ್ ಬೇಗ ಇಳಿಯುತ್ತಿದ್ದರೆ

ಬೆಂಗಳೂರಲ್ಲಿ 40 ನಿಮಿಷ ಹಾರುವ ನಿಮ್ಮ ಕಣ್ಗಾವಲು ಕ್ವಾಡ್‌ಕಾಪ್ಟರ್ ಲಡಾಖ್‌ನ 4,500 ಮೀಟರ್ ಎತ್ತರದಲ್ಲಿ 20 ನಿಮಿಷಕ್ಕೇ ಇಳಿಯುತ್ತಿದೆ ಅಂದರೆ, ಮುಖ್ಯ ಕಾರಣ ತಣ್ಣಗಾದ ಬ್ಯಾಟರಿಯೇ ಇರಬೇಕು. ಅಲ್ಲಿ ಗಾಳಿ ಬೆಂಗಳೂರಿಗಿಂತ ಸುಮಾರು ಶೇ 30ರಷ್ಟು ತೆಳು, ನಿಜ. ಆದರೆ ಅದಕ್ಕೆ ನಿಂತಲ್ಲೇ ಹಾರಲು ಶೇ 20ರಷ್ಟು ಪವರ್ ಜಾಸ್ತಿ ಬೇಕಾಗುತ್ತದೆ, ಅಷ್ಟೇ. ಅದೊಂದರಿಂದಲೇ ಹಾರಾಟದ ಸಮಯ ಅರ್ಧಕ್ಕೆ ಇಳಿಯುವುದಿಲ್ಲ.

ಮೊದಲು ಲಾಗ್‌ನಲ್ಲಿ (ಡ್ರೋನ್ ತಾನೇ ಬರೆದಿಡುವ ಹಾರಾಟದ ದಾಖಲೆ) ಟೇಕಾಫ್ ಆದ ಕೂಡಲೇ ವೋಲ್ಟೇಜ್ ಏನಾಯಿತು ನೋಡಿ. ದಬಕ್ಕನೆ ಕುಸಿದಿದ್ದರೆ ಬ್ಯಾಟರಿ ಪ್ಯಾಕನ್ನು 25 ಡಿಗ್ರಿಗೆ ಬೆಚ್ಚಗೆ ಮಾಡಿ, ಫೋಮ್ ಸುತ್ತಿ, ಮತ್ತೆ ಹಾರಿಸಿ. ವೋಲ್ಟೇಜ್ ಸರಿಯಿದ್ದು ಥ್ರಾಟಲ್ (ಮೋಟಾರ್‌ಗೆ ಕೊಡುವ ಪವರ್‌ನ ಮಟ್ಟ) ಮಾತ್ರ ಮೇಲೇ ಇದ್ದರೆ ದೊಡ್ಡ ಪ್ರೊಪೆಲ್ಲರ್ ಹಾಕಿ, ಮೋಟಾರ್ ಬಿಸಿಯಾಗುತ್ತಾ ಗಮನಿಸಿ. ಜೋರು ಗಾಳಿಯ ಪಾಲೂ ಇರಬಹುದು, ಲಾಗ್ ನೋಡದೆ ಖಚಿತವಾಗಿ ಹೇಳಲಾರೆ. ಸೇನೆಯ ಮುಂದಿನ ಟ್ರಯಲ್ ಹತ್ತಿರವಿದ್ದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ.